ಗುಂಡು ದಾರಿಯಲ್ಲಿರುವಾಗ

ಅಮೆರಿಕದ ಕೊಲರಾಡೊ, ವಯೋಮಿಂಗ್, ಐಡಾಹೊ ರಾಜ್ಯಗಳ ಬೆಟ್ಟಸಾಲುಗಳಲ್ಲಿ ಎಲ್ಕ್ ಬೇಟೆ ಕಾನೂನುಬದ್ಧ. ಎಲ್ಕ್ ಎಂದರೆ ನಮ್ಮ ಕಡವೆಯ ಬಳಗಕ್ಕೆ ಸೇರಿದ ದೊಡ್ಡ ಜಿಂಕೆ. ಜನ ಪರವಾನಗಿ ಪಡೆದು, ಋತು ನೋಡಿಕೊಂಡು ಬೇಟೆಗೆ ಹೋಗುತ್ತಾರೆ, ಮಾಂಸ ಮನೆಗೆ ತರುತ್ತಾರೆ. ಅವರಲ್ಲಿ ಕೆಲವರಿಗೆ ಅಂಗಡಿಯಲ್ಲಿ ಸಿಗುವ ರೈಫಲ್ ಸಾಲದು. ನಳಿಗೆ, ಹಿಡಿ, ಟ್ರಿಗರ್, ದುರ್ಬೀನು ಎಲ್ಲವನ್ನೂ ಒಂದೊಂದಾಗಿ ಆರಿಸಿ, ದೂರದ ಗುರಿಗೆಂದೇ ಹೇಳಿ ಮಾಡಿಸಿಕೊಳ್ಳುತ್ತಾರೆ. ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ತೋಟಾ ಯಾವುದು ಎಂಬುದು. ನಳಿಗೆಯ ಒಳಗಾತ್ರ, ಕೋವಿಯ ತೂಕ, ಅದು ಹೆಗಲಿಗೆ ಒದೆಯುವ ಬಿರುಸು ಎಲ್ಲವೂ ತೋಟಾವನ್ನೇ ಅವಲಂಬಿಸಿವೆ.

ಇದನ್ನು ಸಾಮಾನ್ಯವಾಗಿ ಭೌತಶಾಸ್ತ್ರದ ಪ್ರಶ್ನೆಯೆಂದೇ ಚರ್ಚಿಸುತ್ತಾರೆ. ಆದರೆ ಅದರ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆಯಿದೆ: ಎಷ್ಟು ದೂರದಿಂದ ಒಂದು ಜೀವದ ಮೇಲೆ ಗುಂಡು ಹಾರಿಸುವ ಹಕ್ಕು ನನಗಿದೆ? ಬೇಟೆಯೇ ತಪ್ಪು ಎನ್ನುವವರಿಗೆ ಇದಕ್ಕೆ ಒಂದೇ ಮಾತಿನ ಉತ್ತರವಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಮಾತನ್ನು ಬಹುಮಟ್ಟಿಗೆ ಹೇಳಿಯೂ ಆಗಿದೆ. ಬೇಟೆಯನ್ನು ಒಪ್ಪಿಕೊಂಡ ಸಮಾಜದೊಳಗೇ ನಿಂತು ಕೇಳಿದರೆ ಈ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ.

ಎರಡು ತೋಟಾಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ಒಂದು 6.5 ಕ್ರೀಡ್‌ಮೋರ್. 2007ರಲ್ಲಿ ಬಂದದ್ದು, ಮೂಲತಃ ಗುರಿಸ್ಪರ್ಧೆಗೆಂದು ರೂಪಿಸಿದ್ದು. ಒಂಬತ್ತು ಗ್ರಾಂ ಚಿಲ್ಲರೆ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2700 ಅಡಿ ವೇಗದಲ್ಲಿ ಹೊರಡಿಸುತ್ತದೆ. ಇನ್ನೊಂದು 2022ರಲ್ಲಿ ಬಂದ 7 ಎಂಎಂ ಪಿಆರ್‌ಸಿ. ಹನ್ನೊಂದು ಗ್ರಾಂ ದಾಟಿದ ಗುಂಡು, ವೇಗ 3000 ಅಡಿಯ ಆಸುಪಾಸು. ನಳಿಗೆಯ ಬಾಯಲ್ಲಿ ಎರಡನೆಯದರ ಶಕ್ತಿ ಮೊದಲನೆಯದರ ಒಂದೂವರೆ ಪಟ್ಟು. ಜಿಂಕೆಗೆ 1000 ಅಡಿ-ಪೌಂಡ್, ಎಲ್ಕ್‌ಗೆ 1500 ಅಡಿ-ಪೌಂಡ್ ಶಕ್ತಿ ಬೇಕು ಎಂಬ ರೂಢಿಯ ಲೆಕ್ಕವೊಂದು ಬೇಟೆಗಾರರಲ್ಲಿದೆ. ಅದನ್ನು ಹಿಡಿದು ನೋಡಿದರೆ ದೂರ ಹೋಗಬೇಕೆನ್ನುವವನು ದೊಡ್ಡ ತೋಟಾವನ್ನೇ ಆರಿಸಬೇಕು. ಕೊಲರಾಡೊದ ನಿಯಮವೂ ಶಕ್ತಿಯ ಭಾಷೆಯಲ್ಲೇ ಮಾತಾಡುತ್ತದೆ: 100 ಗಜದಲ್ಲಿ ಗುಂಡಿಗೆ ಕನಿಷ್ಠ 1000 ಅಡಿ-ಪೌಂಡ್ ಶಕ್ತಿ ಇರಬೇಕು. ನೂರು ಗಜದಲ್ಲಿ ಗುಂಡು ಹೇಗಿರಬೇಕೆಂದು ಆ ನಿಯಮ ಹೇಳುತ್ತದೆ. ಬೇಟೆಗಾರ ಸಾವಿರ ಗಜದಾಚೆ ನಿಂತಿದ್ದರೆ ಅದಕ್ಕೆ ಮಾತಿಲ್ಲ.

ಈ ಪಟ್ಟಿಯಲ್ಲಿ ಹೆಚ್ಚು ಗಮನಕ್ಕೆ ಬಾರದ ಅಂಕಿಯೊಂದಿದೆ, ಸಮಯ. ಸಾವಿರ ಗಜ ಸಾಗಲು ಕ್ರೀಡ್‌ಮೋರ್ ಗುಂಡಿಗೆ ಸುಮಾರು ಒಂದೂವರೆ ಸೆಕೆಂಡು ಬೇಕು. ಪಿಆರ್‌ಸಿಗೆ ಸುಮಾರು 1.3 ಸೆಕೆಂಡು. ಹೆಚ್ಚು ಮದ್ದು, ಹೆಚ್ಚು ಒದೆತ, ಹೆಚ್ಚು ಹಣ ಎಲ್ಲ ಸುರಿದ ಮೇಲೆ ಗಳಿಸಿದ್ದು ಸೆಕೆಂಡಿನ ಐದನೇ ಒಂದು ಪಾಲು. ಉಳಿದ ಸೆಕೆಂಡು ಹಾಗೇ ಉಳಿಯಿತು. ಆ ಸೆಕೆಂಡಿನಲ್ಲಿ ಮೇಯುತ್ತ ನಿಂತ ಎಲ್ಕ್ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಶ್ವಾಸಕೋಶಕ್ಕೆ ಹಿಡಿದ ಗುರಿ ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಗುಂಡು ತಿಂದ ಪ್ರಾಣಿ ಕೂಡಲೇ ಸಾಯುವುದಿಲ್ಲ. ಗಂಟೆಗಟ್ಟಲೆ ನರಳುತ್ತ ನಡೆಯುತ್ತದೆ, ಎಷ್ಟೋ ಸಲ ಯಾರ ಕೈಗೂ ಸಿಗದೆ ಎಲ್ಲೋ ಬಿದ್ದು ಸಾಯುತ್ತದೆ.

ಗುಂಡಿನ ಇಳಿತವನ್ನು ಲೆಕ್ಕ ಹಾಕಬಹುದು. ಸಾವಿರ ಗಜದಲ್ಲಿ ಕ್ರೀಡ್‌ಮೋರ್ ಏಳು ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ, ಆದರೆ ಇಳಿತ ಪ್ರತಿಸಲ ಅಷ್ಟೇ. ಗಾಳಿಯನ್ನು ಅಂದಾಜು ಮಾಡಬಹುದು, ಅಭ್ಯಾಸದಿಂದ ಅಂದಾಜು ಸುಧಾರಿಸುತ್ತದೆ. ಪ್ರಾಣಿ ಮುಂದಿನ ಕ್ಷಣ ಏನು ಮಾಡುತ್ತದೆ ಎಂಬುದಕ್ಕೆ ಮಾತ್ರ ಯಾವ ಕೋಷ್ಟಕವೂ ಇಲ್ಲ. ಅದು ಅದರ ಇಷ್ಟ. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವುದರಿಂದ ಸದ್ದು ಕೇಳಿ ತಪ್ಪಿಸಿಕೊಳ್ಳುವ ಅವಕಾಶವೂ ಅದಕ್ಕಿಲ್ಲ. ಅದು ತನ್ನ ಪಾಡಿಗೆ ಬದುಕುತ್ತಿರುತ್ತದೆ, ಅಷ್ಟೇ.

ವಾಲ್ಮೀಕಿ ರಾಮಾಯಣದ ದಶರಥ ನೆನಪಾಗುತ್ತಾನೆ. ಸರಯೂ ದಡದಲ್ಲಿ, ಕತ್ತಲಲ್ಲಿ, ನೀರಿನ ಸದ್ದು ಕೇಳಿ ಆನೆಯೆಂದು ಬಾಣ ಬಿಟ್ಟ. ಅದು ತಾಗಿದ್ದು ಕುರುಡು ತಂದೆತಾಯಿಗೆ ನೀರು ತರಲು ಬಂದ ಹುಡುಗನಿಗೆ. ಶಬ್ದವೇಧಿ ವಿದ್ಯೆಯಲ್ಲಿ ದಶರಥನದು ಎತ್ತಿದ ಕೈ, ಬಾಣ ಕೂದಲೆಳೆಯಷ್ಟೂ ತಪ್ಪಲಿಲ್ಲ. ಕೊರತೆ ಇದ್ದದ್ದು ತಿಳಿವಿನಲ್ಲಿ. ಅಲ್ಲಿ ಯಾರಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂಬುದನ್ನು ಅವನ ಕೌಶಲ ಮರೆಸಿತು. ದೂರದ ಬೇಟೆಗಾರನಿಗೆ ದುರ್ಬೀನಿನಲ್ಲಿ ಪ್ರಾಣಿಯ ರೋಮವೂ ಕಾಣುತ್ತದೆ. ಆದರೆ ಕಾಣುವುದು ಈ ಕ್ಷಣದ ಪ್ರಾಣಿ, ಗುಂಡು ತಲುಪುವುದು ಮುಂದಿನ ಕ್ಷಣದ ಪ್ರಾಣಿಗೆ. ಇವೆರಡರ ನಡುವೆ ಒಂದು ಸಣ್ಣ ಕತ್ತಲೆಯಿದೆ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ವರ್ಷವಿಡೀ ಅಭ್ಯಾಸ ಮಾಡಿ 500 ಗಜದಿಂದ ಶಾಂತವಾಗಿ ಗುರಿ ಹಿಡಿಯುವವನು, ವರ್ಷಕ್ಕೊಮ್ಮೆ ಕೋವಿ ಹೊರತೆಗೆದು ನೂರು ಗಜದಿಂದ ಕೈ ನಡುಗಿಸುತ್ತ ಹೊಡೆಯುವವನಿಗಿಂತ ಕಡಿಮೆ ಪ್ರಾಣಿಗಳನ್ನು ಗಾಯಗೊಳಿಸಬಹುದಲ್ಲವೇ? ಖಂಡಿತ. ಆದರೆ ನೂರು ಗಜದವನ ದೋಷ ಅಭ್ಯಾಸದಿಂದ ಹೋಗುವಂಥದ್ದು. ಸಾವಿರ ಗಜದವನು ಎಷ್ಟೇ ಪಳಗಿದರೂ ಆ ಒಂದು ಸೆಕೆಂಡನ್ನು ಅಳಿಸಲಾರ. ಮೊದಲನೆಯವನು ತನ್ನ ಕೈಯನ್ನು ನಂಬಬೇಕು. ಎರಡನೆಯವನು ಅದರ ಜೊತೆಗೆ ಇನ್ನೊಂದು ಜೀವ ಅಲುಗಾಡದೆ ನಿಲ್ಲುತ್ತದೆಂದು ಪಣ ಕಟ್ಟಬೇಕು. ಪಣ ಸೋತರೆ ತೆರುವುದು ಅವನಲ್ಲ.

ಹಾಗಿದ್ದರೂ ಗುರಿ ತಾಗಿದಾಗ ಎಲ್ಲವೂ ಸರಿಯಾಗಿತ್ತೆಂದೇ ಕಾಣುತ್ತದೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಚರ್ಚೆಗೆ ತಂದ 'ನೈತಿಕ ಅದೃಷ್ಟ'ದ ಸಮಸ್ಯೆ ಇದೇ: ನಮ್ಮ ಹಿಡಿತದಲ್ಲಿಲ್ಲದ ಫಲಿತಾಂಶವನ್ನು ನೋಡಿ ನಾವು ಕೃತ್ಯವನ್ನು ಅಳೆಯುತ್ತೇವೆ. ಎಲ್ಕ್ ನಿಂತಿತು, ಬೇಟೆಗಾರ ನಿಪುಣನಾದ. ಅದೇ ಎಲ್ಕ್ ಹೆಜ್ಜೆಯಿಟ್ಟಿದ್ದರೆ ಅದೇ ಮನುಷ್ಯ ನಿರ್ದಯಿ ಎನಿಸುತ್ತಿದ್ದ. ಟ್ರಿಗರ್ ಒತ್ತಿದ ಗಳಿಗೆಯಲ್ಲಿ ಅವನು ಮಾಡಿದ್ದು ಎರಡೂ ಸಲ ಒಂದೇ. ಆದ್ದರಿಂದ ತೀರ್ಪು ಆ ಗಳಿಗೆಗೇ ಆಗಬೇಕು, ಬಿದ್ದ ಪ್ರಾಣಿಯ ಪಕ್ಕ ತೆಗೆದ ಚಿತ್ರಕ್ಕಲ್ಲ.

ಬೇಟೆಯ ಪರವಾಗಿಯೇ ಬರೆದ ಸ್ಪೇನಿನ ದಾರ್ಶನಿಕ ಒರ್ಟೇಗಾ ಇ ಗಾಸೆಟ್ 1940ರ ದಶಕದಲ್ಲಿ ಒಂದು ವಿಚಾರ ಮುಂದಿಟ್ಟ. ಮನುಷ್ಯನ ಆಯುಧ ಬಲಿತಷ್ಟೂ ಅವನು ತನ್ನ ಮೇಲುಗೈಯನ್ನು ತಾನಾಗಿಯೇ ಬಿಟ್ಟುಕೊಡುತ್ತ ಬಂದಿದ್ದಾನೆ, ಹಾಗೆ ಬಿಟ್ಟುಕೊಡದಿದ್ದರೆ ಬೇಟೆ ಬರಿಯ ಕೊಲೆಯಾಗುತ್ತದೆ ಎಂಬುದು ಅದರ ಸಾರ. 1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಟೆಗಾರರದೇ ಸಂಸ್ಥೆ. ಪ್ರಾಣಿಗೆ ಅಪಾಯದ ಸುಳಿವೇ ಸಿಗದಷ್ಟು ದೂರದಿಂದ ಹೊಡೆಯುವುದು ನ್ಯಾಯದ ಬೇಟೆಯಲ್ಲ ಎಂದು ಅದೂ ಹೇಳಿದೆ. ಎರಡೂ ವಾದಗಳಲ್ಲಿ ಮುಖ್ಯವಾದದ್ದು ಪ್ರಾಣಿಗೆ ಸಿಗಬೇಕಾದ ಅವಕಾಶ. ಇನ್ನೂ ಸರಳವಾದ ಕಾರಣವೂ ಸಾಕೆಂದು ನನಗನ್ನಿಸುತ್ತದೆ. ಕೊಲ್ಲುವವನು ಕೊಲ್ಲುವ ಕೆಲಸವನ್ನು ಕೊನೆಯವರೆಗೆ ಹೊರಬೇಕು. ಕಣಿವೆಯಾಚೆ ಸಾವಿರ ಗಜದಲ್ಲಿ ಗುಂಡು ತಿಂದ ಪ್ರಾಣಿ ನಿಂತಿದ್ದ ಜಾಗ ತಲುಪಲು ಇಳಿದು ಹತ್ತಬೇಕು. ತಲುಪುವ ಹೊತ್ತಿಗೆ ಆ ಜಾಗ ಯಾವುದೆಂದೇ ತಿಳಿಯದೆ ಹೋಗಬಹುದು, ರಕ್ತದ ಜಾಡು ಸಿಗದಿರಬಹುದು. ಗುಂಡು ತಲುಪುವಲ್ಲಿಗೆಲ್ಲ ಹೊಣೆಗಾರಿಕೆ ಅಷ್ಟೇ ಬೇಗ ತಲುಪುವುದಿಲ್ಲ.

ಹೀಗಾಗಿ ತೋಟಾ ಆರಿಸುವ ಕ್ರಮವನ್ನೇ ತಿರುಗಿಸಬೇಕು. ಮೊದಲು ದೂರ ನಿಶ್ಚಯವಾಗಲಿ: ಪ್ರಾಣಿಯ ಒಂದು ಹೆಜ್ಜೆಗಿಂತ ಮೊದಲೇ ಗುಂಡು ಮುಟ್ಟುವ, ಹೊಡೆದವನು ಜಾಡು ಹಿಡಿಯಬಲ್ಲ ದೂರ. 300 ಗಜಕ್ಕೆ ಕ್ರೀಡ್‌ಮೋರ್ ಗುಂಡು ಅರ್ಧ ಸೆಕೆಂಡಿಗೂ ಮೊದಲೇ ತಲುಪುತ್ತದೆ. ಅಷ್ಟರೊಳಗೆ ನಿಲ್ಲುವವನಿಗೆ ಹೆಗಲು ಒದೆಯುವ ದೈತ್ಯ ತೋಟಾ ಬೇಕಿಲ್ಲ. ಒದೆತಕ್ಕೆ ಅಂಜಿ ಕಣ್ಣು ಮುಚ್ಚಿ ಹೊಡೆಯುವುದಕ್ಕಿಂತ ಹದವಾದ ತೋಟಾದಲ್ಲಿ ಕೈ ಪಳಗಿಸುವುದು ಪ್ರಾಣಿಗೂ ಒಳ್ಳೆಯದು. ಉಳಿದ ಏಳುನೂರು ಗಜವನ್ನು ಅವನು ನಡೆದೇ ದಾಟಲಿ. ದಾಟುವಷ್ಟರಲ್ಲಿ ಎಲ್ಕ್ ವಾಸನೆ ಹಿಡಿದು ಓಡಿಹೋದರೆ ಅದು ಅದರ ಅಂದಿನ ಗಳಿಕೆ.