ಸಣ್ಣ ಸಭೆಯಲ್ಲಿ ಕೇಳುಗನ ಧರ್ಮ

ಹೆಸರಾಂತ ರಾಕ್ ಸಂಗೀತಗಾರನೊಬ್ಬ ತನ್ನ ದೊಡ್ಡ ಬ್ಯಾಂಡನ್ನು ಬದಿಗಿಟ್ಟು, ಬೇರೆ ನಾಲ್ಕು ಮಂದಿಯನ್ನು ಕೂಡಿಕೊಂಡು, ಸಣ್ಣ ಸಭಾಂಗಣದಲ್ಲಿ ಹೊಸ ಬಗೆಯ ಸಂಗೀತ ನುಡಿಸುವುದು ಈಗ ಎಲ್ಲೆಡೆ ಕಾಣುವ ರೂಢಿ. ಇದನ್ನು ಸೈಡ್ ಪ್ರಾಜೆಕ್ಟ್ ಎನ್ನುತ್ತಾರೆ. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರನ್ನು ಕರೆತರುವುದು ದೊಡ್ಡ ಬ್ಯಾಂಡಿನ ಕೀರ್ತಿ. ಅಲ್ಲಿ ಕೇಳಸಿಗುವುದು ಮಾತ್ರ ಆ ಬ್ಯಾಂಡಿನ ಹಾಡಲ್ಲ. ಹಾಗಾದರೆ ಕೇಳುಗ ಯಾರನ್ನು ನೋಡಲು ಬಂದ, ಏನನ್ನು ಕೇಳಲು ಬಂದ ಎಂಬ ಪ್ರಶ್ನೆ ಏಳುತ್ತದೆ. ದರ್ಶನಕ್ಕೂ ಶ್ರವಣಕ್ಕೂ ಇರುವ ಸಂಬಂಧದ ಈ ಪ್ರಶ್ನೆ ಭಕ್ತಿ ಮತ್ತು ರಸ ಎರಡೂ ವಿಚಾರಧಾರೆಗಳಿಗೆ ಹಳೆಯ ಪರಿಚಯದ್ದು.

ದೊಡ್ಡ ಬ್ಯಾಂಡಿನಿಂದ ಹೀಗೆ ಹೊರಳಿದವರಿಗೆ ಕೇರಳದಲ್ಲಿ ಒಳ್ಳೆಯ ಉದಾಹರಣೆ ಕೊಚ್ಚಿಯ ರಾಕ್ ಬ್ಯಾಂಡ್ ಮದರ್‌ಜೇನ್‌ನವರು. 1996ರಲ್ಲಿ ಹುಟ್ಟಿದ ಈ ಬ್ಯಾಂಡ್ 2002ರಲ್ಲಿ 'ಇನ್ಸೇನ್ ಬಯಾಗ್ರಫಿ', 2008ರಲ್ಲಿ 'ಮಕ್ತೂಬ್' ಆಲ್ಬಮ್‌ಗಳನ್ನು ಹೊರತಂದಿತು. ಅದರ ಗಿಟಾರ್ ವಾದಕ ಬೈಜು ಧರ್ಮಜನ್ ಕರ್ನಾಟಕ ಸಂಗೀತದ ಗಮಕಗಳನ್ನು ಎಲೆಕ್ಟ್ರಿಕ್ ಗಿಟಾರಿಗೆ ತಂದವರೆಂದು ಹೆಸರಾದರು. 2010ರಲ್ಲಿ ಅವರು ಬ್ಯಾಂಡಿನಿಂದ ಹೊರಬಂದು ತಮ್ಮದೇ ವಾದ್ಯಸಂಗೀತವನ್ನು ಮುಂದುವರಿಸಿದರು. ಬ್ಯಾಂಡಿನ ಗಾಯಕ ಸೂರಜ್ ಮಣಿ ಆನಂತರ 'ತತ್ವ ಟ್ರಿಪ್' ಎಂಬ ಹೆಸರಿನಲ್ಲಿ ಹಾಡತೊಡಗಿದರು. ಕರ್ನಾಟಕದಲ್ಲಿ ಸ್ವರಾತ್ಮ ಬ್ಯಾಂಡಿನ ಗಾಯಕ ವಾಸು ದೀಕ್ಷಿತ್ 'ವಾಸು ದೀಕ್ಷಿತ್ ಕಲೆಕ್ಟಿವ್' ಎಂಬ ಇನ್ನೊಂದು ತಂಡ ಕಟ್ಟಿಕೊಂಡು ದಾಸರ ಪದ, ಜನಪದ ಗೀತೆಗಳನ್ನು ಹಾಡುತ್ತಾರೆ.

ಹೊರಜಗತ್ತಿನ ಎರಡು ಪ್ರಸಂಗಗಳು ವಿಷಯವನ್ನು ಇನ್ನಷ್ಟು ತಿಳಿಯಾಗಿಸುತ್ತವೆ. ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್ 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ಮಹಾವಿಷ್ಣು ಎಂಬ ಹೆಸರು ಅವರಿಗೆ ಗುರು ಶ್ರೀ ಚಿನ್ಮಯ್ ಕೊಟ್ಟದ್ದು. ಕಿವಿ ಗಡಚಿಕ್ಕುವ ಎಲೆಕ್ಟ್ರಿಕ್ ಸಂಗೀತದಿಂದ ಜಗತ್ಪ್ರಸಿದ್ಧರಾದ ಅವರು ಕೆಲವೇ ವರ್ಷಗಳಲ್ಲಿ ವಯೊಲಿನ್‌ನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಜೊತೆ 'ಶಕ್ತಿ' ತಂಡದಲ್ಲಿ ನೆಲದ ಮೇಲೆ ಕುಳಿತು ಅಕೌಸ್ಟಿಕ್ ಗಿಟಾರ್ ನುಡಿಸತೊಡಗಿದರು. ಶಕ್ತಿಯ ಮೊದಲ ಆಲ್ಬಮ್ 1975ರ ಜುಲೈ 5ರಂದು ನ್ಯೂಯಾರ್ಕ್ ಬಳಿಯ ಒಂದು ಕಾಲೇಜಿನಲ್ಲಿ ನಡೆದ ಕಛೇರಿಯ ಧ್ವನಿಮುದ್ರಣ. ಆಗ ಅವರು ಹಿಡಿದ ಗಿಟಾರನ್ನೇ ನೋಡಿದರೆ ಬದಲಾವಣೆಯ ಆಳ ತಿಳಿಯುತ್ತದೆ. ಮೆಟ್ಟಿಲುಗಳ (ಫ್ರೆಟ್) ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿದ್ದರಿಂದ ತಂತಿಯನ್ನು ವೀಣೆಯಲ್ಲಿ ಎಳೆದಂತೆ ಎಳೆದು ಗಮಕ ತೆಗೆಯಬಹುದಿತ್ತು. ಮುಖ್ಯ ತಂತಿಗಳ ಕೆಳಗೆ ಓರೆಯಾಗಿ ಹಾಯ್ದ ಬೇರೆ ತಂತಿಗಳು ಶ್ರುತಿಯನ್ನು ಹಿಡಿದಿಡುತ್ತಿದ್ದವು. ಗೆದ್ದು ಹೆಸರು ಮಾಡಿದ್ದ ವಾದ್ಯವನ್ನು ಬದಿಗಿರಿಸಿ ಮತ್ತೆ ವಿದ್ಯಾರ್ಥಿಯಾಗುವ ಒಪ್ಪಿಗೆ ಆ ಮರದ ಕೆತ್ತನೆಯಲ್ಲೇ ಇದೆ.

ಎರಡನೆಯದು 2015ರ 'ಜುನೂನ್'. ರೇಡಿಯೋಹೆಡ್ ಬ್ಯಾಂಡಿನ ಜಾನಿ ಗ್ರೀನ್‌ವುಡ್ ಜೋಧಪುರದ ಮೆಹರಾನ್‌ಗಢ ಕೋಟೆಗೆ ಬಂದು, ಇಸ್ರೇಲಿನ ಶೈ ಬೆನ್ ತ್ಸುರ್ ರಚಿಸಿದ ಹಾಡುಗಳನ್ನು ರಾಜಸ್ಥಾನದ ಕವ್ವಾಲರು, ಡೋಲು, ತುತ್ತೂರಿಯವರ ಜೊತೆ ಕುಳಿತು ನುಡಿಸಿದರು. ಅಲ್ಲಿ ಅವರು ಹಲವರಲ್ಲಿ ಒಬ್ಬರು. ಧ್ವನಿಮುದ್ರಿಕೆಯ ಮೇಲೂ ಮೊದಲು ಬರುವುದು ಬೆನ್ ತ್ಸುರ್ ಹೆಸರು.

ಇಂಥ ಪ್ರಸಂಗಗಳಲ್ಲಿ ಕಲಾವಿದನ ತ್ಯಾಗವನ್ನು ಎಲ್ಲರೂ ಕೊಂಡಾಡುತ್ತಾರೆ. ಕೇಳುಗನ ಪಾಲು ಏನು ಎಂಬುದು ಚರ್ಚೆಗೆ ಬರುವುದು ಕಡಿಮೆ. ಕಲಾವಿದ ತನ್ನ ಹೆಸರನ್ನು ಇಳಿಸಿ ಕುಳಿತ ಮಾತ್ರಕ್ಕೆ ಕೇಳುಗನ ಮನಸ್ಸಿನಿಂದ ಆ ಹೆಸರು ಇಳಿಯುವುದಿಲ್ಲ. ದೊಡ್ಡ ಮೈದಾನದಲ್ಲಿ ಅಂಗೈಯಗಲ ಕಾಣುತ್ತಿದ್ದ ಮುಖ ಇಲ್ಲಿ ನಾಲ್ಕು ಮಾರು ದೂರದಲ್ಲಿದೆ. ಬೆರಳು ಕಾಣುತ್ತದೆ, ಬೆವರು ಕಾಣುತ್ತದೆ, ಹಾಡಿನ ನಡುವೆ ಜೊತೆಗಾರನಿಗೆ ಕೊಟ್ಟ ಸನ್ನೆ ಕಾಣುತ್ತದೆ. ಇಷ್ಟು ಹತ್ತಿರ ಸಿಕ್ಕಿದ್ದೇ ಭಾಗ್ಯ ಎಂಬ ಸಂಭ್ರಮದಲ್ಲಿ ಸಂಗೀತ ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ಸಣ್ಣ ಸಭೆ ಕೀರ್ತಿಯ ಮಬ್ಬನ್ನು ತಾನಾಗಿ ಕಳೆಯುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಹಲವು ಸಲ ಅದು ಮಬ್ಬನ್ನು ಹೆಚ್ಚಿಸುತ್ತದೆ.

ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ನಾಟ್ಯಶಾಸ್ತ್ರಕ್ಕೆ ಬರೆದ 'ಅಭಿನವಭಾರತಿ'ಯಲ್ಲಿ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಎರಡು ಇಲ್ಲಿ ನೇರವಾಗಿ ಅನ್ವಯಿಸುತ್ತವೆ. ಕಂಡದ್ದನ್ನು ಇಂಥ ವ್ಯಕ್ತಿಯದು, ಇಂಥ ಊರಿನದು, ಇಂಥ ಕಾಲದ್ದು ಎಂದು ಕಟ್ಟಿಹಾಕಿಕೊಳ್ಳುವುದು ಒಂದು. ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿ ಮುಂದಿರುವುದನ್ನು ಕಾಣದಿರುವುದು ಇನ್ನೊಂದು. ಮೊದಲನೆಯದಕ್ಕೆ ಪರಿಹಾರವಾಗಿ ನಾಟಕದಲ್ಲಿ ಪೂರ್ವರಂಗ, ಕಿರೀಟ, ವೇಷಗಳಿವೆ. ನಟನ ಸ್ವಂತ ಗುರುತು ಮರೆಯಾದಾಗಲೇ ರಾಮ ಕಾಣುತ್ತಾನೆ. ರಾಕ್ ಸಂಗೀತಗಾರನಿಗೆ ಈ ಅನುಕೂಲ ಇಲ್ಲ. ಅವನ ಮುಖವೇ ಪೋಸ್ಟರಿನಲ್ಲಿರುವ ಮುಖ. ಗುರುತನ್ನು ಮರೆಸುವ ಕೆಲಸ ಹಾಗಾಗಿ ಕೇಳುಗನ ಮೇಲೆ ಬೀಳುತ್ತದೆ.

ಭಗವದ್ಗೀತೆ ಎರಡನೆಯ ಅಧ್ಯಾಯದಲ್ಲಿ ಕರ್ಮದ ಅಧಿಕಾರವನ್ನೂ ಫಲದ ಅಧಿಕಾರವನ್ನೂ ಬೇರ್ಪಡಿಸುತ್ತದೆ. ಈ ಮಾತನ್ನು ಸಾಮಾನ್ಯವಾಗಿ ಕೆಲಸ ಮಾಡುವವನಿಗೆ ಹೇಳಿದ್ದೆಂದು ಓದುತ್ತಾರೆ. ಕೇಳುವುದೂ ಒಂದು ಕರ್ಮ, ಅದಕ್ಕೂ ಫಲದ ಆಸೆ ಅಂಟಿರುತ್ತದೆ: ಗೊತ್ತಿರುವ ಹಾಡನ್ನೇ ಹಾಡಲಿ, ಒಂದು ಫೋಟೋ ಸಿಗಲಿ, ನಾಳೆ ನಾಲ್ಕು ಜನರಿಗೆ ಹೇಳಿಕೊಳ್ಳಲು ಆಗಲಿ. ಹೊಸ ಸಂಗೀತದ ನಡುವೆ ಹಳೆಯ ಹಾಡಿಗಾಗಿ ಸಭೆಯ ಹಿಂದಿನಿಂದ ಕೂಗುವವನು ಕಲಾವಿದನಿಗೆ ತೊಂದರೆ ಕೊಡುವುದಕ್ಕಿಂತ ಹೆಚ್ಚಾಗಿ ತನಗೆ ತಾನೇ ಅನ್ಯಾಯ ಮಾಡಿಕೊಳ್ಳುತ್ತಾನೆ. ಮುಂದೆ ಇರುವುದು ಅವನಿಗೆ ಸಿಗುವುದಿಲ್ಲ, ಬೇಡಿದ್ದೂ ಅಲ್ಲಿ ಇಲ್ಲ. ಭಾಗವತದ ಏಳನೆಯ ಸ್ಕಂಧದಲ್ಲಿ ಪ್ರಹ್ಲಾದ ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಶ್ರವಣವೇ ಮೊದಲನೆಯದು, ದರ್ಶನದ ಹೆಸರು ಆ ಪಟ್ಟಿಯಲ್ಲೇ ಇಲ್ಲ ಎಂಬುದು ಈ ಸಂದರ್ಭದಲ್ಲಿ ಗಮನಿಸತಕ್ಕದ್ದು.

ತಿರುವನಂತಪುರದ ದಕ್ಷಿಣಕ್ಕೆ, ಕೋವಳಂನ ಮಗ್ಗುಲಲ್ಲಿರುವ ವಿಳಿಂಜಂನಲ್ಲಿ, ಕೀರ್ತಿಯನ್ನು ಬಿಟ್ಟವನ ಮುಂದೆ ಕೇಳುಗ ಹೇಗಿರಬೇಕೆಂಬ ವಿಚಾರವನ್ನು ಕಲ್ಲಿನಲ್ಲೇ ಕಾಣಬಹುದು. ಒಂದು ಕಾಲಕ್ಕೆ ಆಯ್ ಅರಸರ ನೆಲೆಯಾಗಿದ್ದ ಈ ಬಂದರು ಊರಿನಲ್ಲಿ ಸುಮಾರು 8ನೇ ಶತಮಾನದ್ದೆಂದು ಹೇಳುವ ಗುಹಾಲಯವಿದೆ. ಬಂಡೆಯನ್ನು ಕೊರೆದು ಮಾಡಿದ ಒಂದೇ ಕೋಣೆ. ಹೊರಗೋಡೆಯ ಮೇಲೆ ಶಿವ ಪಾರ್ವತಿಯರ ಕೆತ್ತನೆ ಅರ್ಧಕ್ಕೇ ನಿಂತಿದೆ. ಒಳಗಿರುವುದು ವೀಣಾಧರ ದಕ್ಷಿಣಾಮೂರ್ತಿಯ ಬಿಡಿ ಶಿಲ್ಪ. ಶಿವನೆಂದರೆ ಲೋಕಕ್ಕೆ ಮೊದಲು ನೆನಪಾಗುವುದು ತಾಂಡವ, ತ್ರಿಪುರದಹನ. ಇಲ್ಲಿ ಅವನು ಅದೆಲ್ಲವನ್ನೂ ಬಿಟ್ಟು ವೀಣೆ ಹಿಡಿದ ಗುರು. ದಕ್ಷಿಣಾಮೂರ್ತಿಯ ಪಾಠ ಮೌನದಲ್ಲಿ ನಡೆಯುತ್ತದೆ, ಶಿಷ್ಯರ ಸಂಶಯ ಆ ಮೌನದಲ್ಲೇ ಹರಿಯುತ್ತದೆ ಎಂಬುದು ಪ್ರಸಿದ್ಧ. ಆ ಪಾಠ ಫಲಿಸಬೇಕಾದರೆ ಶಿಷ್ಯರು ಪ್ರಶ್ನೆ ಕೇಳುವ ಆತುರವನ್ನೂ ಬಿಟ್ಟಿರಬೇಕು. ಗುರುವಿನ ಹಿರಿಮೆಯಷ್ಟೇ ಶಿಷ್ಯರ ಸಿದ್ಧತೆಯೂ ಅಲ್ಲಿ ಮುಖ್ಯ.

ಈ ಸಿದ್ಧತೆಯನ್ನು ವ್ಯಕ್ತಿಯ ಇಷ್ಟಕ್ಕೆ ಬಿಡದೆ ಒಂದು ವ್ಯವಸ್ಥೆಯಾಗಿ ಬೆಳೆಸಿದ್ದು ತಿರುವನಂತಪುರದ ಕೋಟೆಯೊಳಗಿನ ನವರಾತ್ರಿ ಮಂಟಪ. ಪ್ರತಿವರ್ಷ ಪದ್ಮನಾಭಪುರದಿಂದ ಸರಸ್ವತಿಯ ವಿಗ್ರಹ ಮೆರವಣಿಗೆಯಲ್ಲಿ ಬಂದು ಇಲ್ಲಿ ನೆಲೆಗೊಳ್ಳುತ್ತದೆ. ಒಂಬತ್ತು ಸಂಜೆ, ಆರು ಗಂಟೆಯಿಂದ ಎಂಟೂವರೆಯವರೆಗೆ ಕಛೇರಿ. ಪ್ರತಿದಿನದ ಮುಖ್ಯ ಕೃತಿ ಮೊದಲೇ ಗೊತ್ತು: ಸ್ವಾತಿ ತಿರುನಾಳ್ (1813–1846) ರಚಿಸಿದ ಒಂಬತ್ತು ನವರಾತ್ರಿ ಕೃತಿಗಳಲ್ಲಿ ಮೊದಲ ದಿನ ಶಂಕರಾಭರಣದ್ದು, ಕೊನೆಯ ದಿನ ಆರಭಿಯದ್ದು. ಎಣ್ಣೆದೀಪದ ಬೆಳಕು. ನಾದ ಚೆನ್ನಾಗಿ ಕೇಳಲೆಂದು ಮಾಡಿನಿಂದ ಬೋರಲಾಗಿ ತೂಗುಹಾಕಿದ ಮಣ್ಣಿನ ಮಡಕೆಗಳು. ಗಂಡಸರು ಅಂಗಿ ಕಳಚಿ ಪಂಚೆಯಲ್ಲಿ ಕುಳಿತಿರಬೇಕು. ಗಾಯಕ ಹಾಡುವುದು ದೇವಿಯ ಮುಂದೆ, ಚಪ್ಪಾಳೆಗೆ ಅವಕಾಶವಿಲ್ಲ. ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಅವರಂಥ ಮೇರು ವಿದ್ವಾಂಸರು ಹಾಡಿದ ಸ್ಥಳ ಇದು. ಯಾವ ವಿದ್ವಾಂಸ ಬಂದರೂ ತನ್ನ ಹೆಸರುವಾಸಿ ಕೃತಿಯನ್ನು ಆರಿಸಿಕೊಳ್ಳುವಂತಿಲ್ಲ, ಕೇಳುಗ ಅದನ್ನು ಬೇಡುವಂತೆಯೂ ಇಲ್ಲ. ಹಾಡುವವನಿಗೆ ಹೊಗಳಿಕೆ ಬೇಕೆನಿಸಿದರೆ ಅದು ಸಿಗುವ ದಾರಿಯನ್ನೇ ಮುಚ್ಚಿರುವುದು ಈ ಮಂಟಪದ ವಿಶೇಷ. ಅಭಿನವಗುಪ್ತ ಹೇಳಿದ ಎರಡೂ ವಿಘ್ನಗಳಿಗೆ ಇಲ್ಲಿ ಕಟ್ಟಡ, ಕಾಲ, ನಿಯಮ ಮೂರೂ ಸೇರಿ ಉತ್ತರ ಕೊಡುತ್ತವೆ.

ಆದರೆ ಇದೇ ಮಂಟಪ ಸಣ್ಣ ಸಭೆಯ ದೋಷವನ್ನೂ ತೋರಿಸುತ್ತದೆ. ಇಲ್ಲಿ ಹೆಣ್ಣುಮಕ್ಕಳು ಹಾಡುವಂತಿರಲಿಲ್ಲ. 2006ರಲ್ಲಿ, ಎಂಬತ್ತು ದಾಟಿದ್ದ ಪಾರಶ್ಶಾಲ ಪೊನ್ನಮ್ಮಾಳ್ ಆ ಕಟ್ಟಳೆಯನ್ನು ಮುರಿದು ಹಾಡಿದ ಮೊದಲ ಮಹಿಳೆಯಾದರು. ದೇವಿಯ ಸನ್ನಿಧಿಯಲ್ಲಿ ಹೆಣ್ಣಿನ ಕಂಠ ಅಷ್ಟು ಕಾಲ ಕಾಯಬೇಕಾಯಿತೆಂಬುದು ನೋವಿನ ಸಂಗತಿ. ತಿರುವಾಂಕೂರಿನಲ್ಲಿ 1936ರ ನವೆಂಬರ್ 12ರ ಕ್ಷೇತ್ರಪ್ರವೇಶ ಘೋಷಣೆಯವರೆಗೆ ದೇವಾಲಯದ ಒಳಗಿನ ನಾದ ಜಾತಿಯ ಕಾರಣಕ್ಕೆ ಹೊರಗುಳಿದ ಬಹುಜನರ ಪಾಲಿಗೆ ಗೋಡೆಯಾಚೆಯದೇ ಆಗಿತ್ತು. ಸಭೆ ಸಣ್ಣದಾಗಿರುವುದು ಏಕಾಗ್ರತೆಗಾಗಿಯೋ ಯಾರನ್ನೋ ಹೊರಗಿಡಲಿಕ್ಕೋ ಎಂದು ವಿಚಾರಿಸದೆ ಅದನ್ನು ಪವಿತ್ರವೆನ್ನುವುದು ಸರಿಯಲ್ಲ. ಇವತ್ತಿನ ಸೈಡ್ ಪ್ರಾಜೆಕ್ಟಿನ ಟಿಕೆಟ್ ದರಕ್ಕೂ ಈ ಮಾತು ಸಲ್ಲುತ್ತದೆ. ಇದಕ್ಕೆ ಪ್ರತಿಯಾಗಿ ಪುರಂದರದಾಸರು ಸಿರಿವಂತಿಕೆ ಬಿಟ್ಟು ತಂಬೂರಿ ಹಿಡಿದು ಬೀದಿಗೆ ಬಂದರು. ಬೀದಿಗೆ ಬಾಗಿಲೇ ಇಲ್ಲ. ಅಲ್ಲಿ ಒಬ್ಬ ನಿಂತು ಕೇಳಿದರೂ ಅದು ಸಭೆಯೇ. ಕೇಳುಗನ ಯೋಗ್ಯತೆ ಅವನ ಗಮನದಿಂದ ಬರಬೇಕೇ ಹೊರತು ಹುಟ್ಟಿನಿಂದಲೋ ಹಣದಿಂದಲೋ ಅಲ್ಲ.

ಕಟ್ಟುನಿಟ್ಟಿನ ನಿಯಮವಿಲ್ಲದೆಯೂ ಕೇಳುಗ ಪಳಗಬಹುದು ಎಂಬುದಕ್ಕೆ ಕಾಸರಗೋಡು ಮತ್ತು ಕರಾವಳಿಯ ಯಕ್ಷಗಾನ ಪರಂಪರೆ ಸಾಕ್ಷಿ. ಮೇ ತಿಂಗಳ ಕೊನೆಗೆ, ತುಳುನಾಡಿನ ಪತ್ತನಾಜೆ ದಿನದ ಹೊತ್ತಿಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗಿ ಚಾವಡಿಯಲ್ಲಿ ಸಣ್ಣ ಪ್ರಸಂಗವೊಂದನ್ನು ಆಡಿ ತೋರಿಸುತ್ತಾರೆ. ಅನೇಕ ಕಲಾವಿದರು ತಾಳಮದ್ದಳೆಗೆ ಕೂರುತ್ತಾರೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿಯ ಮಾತು ಇಷ್ಟೇ. ಪ್ರಸಿದ್ಧ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹೆಸರು ಕೇಳಿ ಜನ ಬರುತ್ತಿದ್ದರು. ಎದುರಿಗೆ ಕಾಣುತ್ತಿದ್ದದ್ದು ಎಲ್ಲರಿಗೂ ಪರಿಚಿತ ಮುಖ. ಆದರೂ ಮಾತು ಏರುತ್ತ ಹೋದಂತೆ ವಾಲಿಯೋ ರಾವಣನೋ ಅಲ್ಲಿ ಬಂದು ನಿಲ್ಲುತ್ತಿದ್ದ. ಕಿರೀಟ ಮಾಡಬೇಕಾದ ಕೆಲಸವನ್ನು ಕೇಳುಗರ ಕಿವಿಯೇ ಮಾಡುತ್ತಿತ್ತು. ಕೀರ್ತಿ ಚಾವಡಿಯವರೆಗೆ ಕರೆತಂದಿತ್ತು, ಪದ ಮತ್ತು ಅರ್ಥ ಮುಂದಕ್ಕೆ ಕೊಂಡೊಯ್ದವು.

ಇದರಿಂದ ದರ್ಶನದ ಆಸೆ ಕೀಳಲ್ಲವೆಂದೂ ತಿಳಿಯುತ್ತದೆ. ಮೆಚ್ಚಿದ ಸಂಗೀತಗಾರನನ್ನು ಹತ್ತಿರದಿಂದ ನೋಡಬೇಕೆಂಬ ಬಯಕೆ ಪ್ರೀತಿಯದು, ಅದನ್ನು ನಾಚಿಕೆಯಿಂದ ಮುಚ್ಚಿಡಬೇಕಿಲ್ಲ. ಆ ಬಯಕೆ ಇಲ್ಲದಿದ್ದರೆ ಬೈಜು ಧರ್ಮಜನ್ನರ ಗಮಕವಾಗಲಿ, ವಾಸು ದೀಕ್ಷಿತರ ದಾಸರ ಪದವಾಗಲಿ ಅನೇಕರ ಕಿವಿಗೆ ಬೀಳುತ್ತಲೇ ಇರಲಿಲ್ಲ. ತಪ್ಪು ಆಗುವುದು ಅಲ್ಲಿಗೇ ನಿಂತಾಗ. ಸಣ್ಣ ಸಭೆಗೆ ಹೋಗುವ ಕೇಳುಗನ ಧರ್ಮವನ್ನು ಹಾಗಾಗಿ ಮೂರು ಮಾತಿನಲ್ಲಿ ಹೇಳಬಹುದು. ಕಲಾವಿದ ಬಿಟ್ಟುಬಂದದ್ದನ್ನು ಅವನಿಂದ ಮತ್ತೆ ಬೇಡಬಾರದು. ಅವನ ಜೊತೆಗಿರುವ, ಹೆಸರು ಗೊತ್ತಿಲ್ಲದ ವಾದಕರಿಗೂ ಅಷ್ಟೇ ಕಿವಿಗೊಡಬೇಕು, ಏಕೆಂದರೆ ಅವನು ಅಲ್ಲಿಗೆ ಬಂದದ್ದೇ ಅವರ ಜೊತೆ ನುಡಿಸಲು. ಕೇಳಿದ್ದು ಹಿಡಿಸದಿದ್ದರೆ ಅದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಹೆಸರಿಗಾಗಿ ಮೆಚ್ಚುವುದು, ಹೆಸರಿಗಾಗಿ ಬೇಸರಪಡುವುದು ಎರಡೂ ಕೇಳದೇ ಇದ್ದುದಕ್ಕೆ ಸಮ. ಈ ಮೂರನ್ನು ಪಾಲಿಸಿದ ಕೇಳುಗನಿಗೆ ದರ್ಶನವೂ ಶ್ರವಣವೂ ಒಟ್ಟಿಗೇ ದೊರೆಯುತ್ತವೆ, ಒಂದು ಇನ್ನೊಂದಕ್ಕೆ ಅಡ್ಡಬರುವುದಿಲ್ಲ.