ಹೆಚ್ಚಿದ ಆಯಸ್ಸಿಗೆ ಎಂಥ ಕೊನೆ?

ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಈಗ 70ರ ಗಡಿ ಮುಟ್ಟಿದೆ. ಆಗಿನವರೆಲ್ಲ ಮೂವತ್ತಕ್ಕೇ ಮುದುಕರಾಗುತ್ತಿದ್ದರೆಂದಲ್ಲ. 1962ರಲ್ಲಿ ತೀರಿಕೊಂಡ ವಿಶ್ವೇಶ್ವರಯ್ಯನವರು ನೂರು ದಾಟಿದ್ದರು. ಸರಾಸರಿಯನ್ನು ತಗ್ಗಿಸುತ್ತಿದ್ದುದು ತೊಟ್ಟಿಲಲ್ಲೇ ಕಣ್ಮುಚ್ಚುತ್ತಿದ್ದ ಕೂಸುಗಳ ಸಾವು. 1971ರಲ್ಲೂ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2023ರಲ್ಲಿ ಆ ಸಂಖ್ಯೆ 25ಕ್ಕೆ ಇಳಿದಿತ್ತು. ಲಸಿಕೆ, ಶುದ್ಧ ನೀರು, ಆಸ್ಪತ್ರೆಯ ಹೆರಿಗೆ ಇವುಗಳಿಂದ ಆದ ಈ ಬದಲಾವಣೆಗಿಂತ ದೊಡ್ಡ ಪುಣ್ಯಕಾರ್ಯ ಈ ನೆಲದಲ್ಲಿ ಹೆಚ್ಚು ನಡೆದಿಲ್ಲ.

ಹಾಗೆ ಬದುಕುಳಿದ ಮಕ್ಕಳೇ ಇಂದಿನ ಹಿರಿಯರು. ಈಗ ಧರ್ಮಸಂಕಟ ಎದುರಾಗುವುದು ಐಸಿಯು ಬಾಗಿಲಲ್ಲಿ. ವಾಸಿಯಾಗುವ ಭರವಸೆಯಿಲ್ಲದ ತಂದೆಗೆ ವೆಂಟಿಲೇಟರ್ ಹಾಕಬೇಕೇ ಎಂದು ಡಾಕ್ಟರು ಕೇಳುತ್ತಾರೆ, ಸಹಿಗೆ ಕಾಗದ ಮುಂದಿಡುತ್ತಾರೆ. ಬೇಡವೆಂದರೆ ಅಪ್ಪನನ್ನು ಕೈಯಾರೆ ಕೊಂದ ಪಾಪ ಸುತ್ತಿಕೊಳ್ಳುತ್ತದೆಯೇ? ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಈ ಪ್ರಶ್ನೆಯನ್ನು ಕನ್ನಡ ನಾಡು ಬಹಳ ಹಿಂದೆಯೇ ಎದುರಿಸಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಏಳನೆಯ ಶತಮಾನದಿಂದ ಸಲ್ಲೇಖನದ, ಅಂದರೆ ಆಹಾರ ತೊರೆದು ಸಾವನ್ನು ಎದುರುಗೊಳ್ಳುವ ಜೈನ ವ್ರತದ, ಶಾಸನಗಳು ಸಾಲಾಗಿವೆ. ಮುನಿಗಳದಷ್ಟೇ ಅಲ್ಲ, ಕಂತಿಯರದೂ (ಜೈನ ಸನ್ಯಾಸಿನಿಯರದೂ) ಇವೆ. ಯಾರ ಶಿಷ್ಯರು, ಯಾವ ಸಂಘದವರು, ಹೇಗೆ ನೋಂತು ದೇಹ ಬಿಟ್ಟರು ಎಂಬುದನ್ನು ಕೆಲವೇ ಸಾಲುಗಳಲ್ಲಿ ಕಡೆದಿಟ್ಟಿದ್ದಾರೆ. ಆದರೆ ಬೇಸರವಾಯಿತೆಂದು ಹಿಡಿಯುವ ವ್ರತವಲ್ಲ ಅದು. ಪರಿಹಾರವಿಲ್ಲದ ಉಪಸರ್ಗ (ಆಪತ್ತು), ಬರಗಾಲ, ಮುಪ್ಪು, ರೋಗ ಒದಗಿದಾಗ ಮಾತ್ರ ಎಂದು ಆಚಾರ್ಯ ಸಮಂತಭದ್ರರು ಕಟ್ಟು ಹಾಕಿದ್ದಾರೆ. ‘ಪರಿಹಾರವಿಲ್ಲದ’ ಎಂಬ ಆ ಷರತ್ತಿನಲ್ಲೇ ಇಡೀ ವಿವೇಕ ಅಡಗಿದೆ. ಮದ್ದಿದ್ದರೆ ಮದ್ದು ಮಾಡಬೇಕು. ಮುಗಿದದ್ದನ್ನು ಮುಗಿದಿದೆ ಎಂದು ಒಪ್ಪುವುದು ಮಾತ್ರ ಕೊಲೆಯಲ್ಲ, ಆತ್ಮಹತ್ಯೆಯೂ ಅಲ್ಲ.

ಆದರೂ 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಅಪರಾಧವೆಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ವ್ರತವನ್ನು ಎಲ್ಲರ ಮೇಲೆ ಹೇರಲಾಗದು, ಹೇರಲೂಬಾರದು. ಖರ್ಚಿನ ಭಯಕ್ಕೋ ಆಸ್ತಿಯ ಆಸೆಗೋ ಮುದುಕರ ಚಿಕಿತ್ಸೆ ನಿಲ್ಲಿಸುವ ಮನೆಗಳಿಗೆ ಅದು ನೆಪವಾದರೆ ಘೋರ ಅನ್ಯಾಯ. ಅದಕ್ಕಾಗಿಯೇ ಕಾನೂನು ಕಾವಲಿಟ್ಟಿದೆ. ಘನತೆಯ ಸಾವೂ ಬದುಕಿನ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. 2023ರಲ್ಲಿ ಚಿಕಿತ್ಸೆ ನಿಲ್ಲಿಸುವ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಇಷ್ಟಾದರೂ ಹಿರಿಯರ ಮನಸ್ಸಿನಲ್ಲಿ ಏನಿತ್ತೆಂದು ಗೊತ್ತಿಲ್ಲದೆ ತೀರ್ಮಾನಿಸುವುದು ಮಕ್ಕಳಿಗೆ ಸಂಕಟವೇ. ಸ್ವಸ್ಥಚಿತ್ತರಾದ ವಯಸ್ಕರು ಯಾರೇ ಆಗಲಿ ತಮ್ಮ ಇಚ್ಛೆಯನ್ನು ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಸಾವಿನ ಮಾತು ಅಪಶಕುನವೆಂದು ಬಾಯಿ ಮುಚ್ಚಿಸಬೇಡಿ. ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಅವರ ಪಕ್ಕ ಕುಳಿತು ಕೇಳಿ, ಅವರು ಹೇಳಿದ್ದನ್ನು ಬರೆಸಿಡಿ.