ಪಾತ್ರತ್ಯಾಗ ವಿಚಾರ

ದಾಳವು ಮನುಷ್ಯನ ಧನವನ್ನಪಹರಿಸುವುದೆಂಬುದನ್ನು ನಾವೆಲ್ಲರೂ ಬಲ್ಲೆವು. ದಾಳವೇ ಮನುಷ್ಯನನ್ನು ನಿರ್ಮಿಸುವ ಆಟವೂ ಒಂದುಂಟು. 1974ರಲ್ಲಿ ಅಮೆರಿಕಾ ದೇಶದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರ ಕೃತಿಯಾಗಿ ಹೊರಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬುದೇ ಅದು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಯಿಸಲು, ಉಳಿದವರು ಒಂದೊಂದು ಪಾತ್ರವನ್ನು ವಹಿಸಿ ಮಾತಿನಿಂದಲೇ ಸಾಹಸಗಳನ್ನೆಸಗುವರು. ಪಾತ್ರದ ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕುತನ, ಆಕರ್ಷಣೆ ಎಂಬ ಆರು ಗುಣಗಳನ್ನು ಮೂರು ಮೂರು ದಾಳಗಳಿಂದ ನಿರ್ಣಯಿಸುವುದು ಮೂಲವಿಧಿ. ದಾಳಗಳು ಬೀಳುವ 216 ಬಗೆಗಳಲ್ಲಿ ಪರಮಾವಧಿಯಾದ 18 ಒಂದೇ ಬಗೆಯಿಂದ ಬರುವುದು. ಕನಿಷ್ಠವಾದ 3 ಸಹ ಅಂತೆಯೇ.

ದುರ್ಬಲ ಪಾತ್ರವು ಪಾಲಿಗೆ ಬಂದವನು ಅದನ್ನು ತ್ಯಜಿಸಿ ಮತ್ತೊಂದನ್ನು ಪಡೆಯುವುದು ಯುಕ್ತವೇ?

ಯುಕ್ತವೇ ಎಂಬುದು ಪೂರ್ವಪಕ್ಷ. ಪಾತ್ರವು ಕಾಗದದ ಮೇಲಣ ಬರಹ, ಅದಕ್ಕೆ ನೋವಿಲ್ಲ. ಆಟವು ವಿನೋದಕ್ಕಾಗಿ, ದುರ್ಬಲನು ಸಂಗಡಿಗರಿಗೂ ಭಾರ. ನಾಲ್ಕು ದಾಳಗಳನ್ನೆಸೆದು ಕನಿಷ್ಠವಾದುದನ್ನು ಬಿಡುವ ಕ್ರಮವನ್ನೂ, ದಾಳವಿಲ್ಲದೆ 15, 14, 13, 12, 10, 8 ಎಂಬ ಅಂಕಗಳನ್ನು ಹಂಚಿಕೊಳ್ಳುವ ಕ್ರಮವನ್ನೂ ಈಚಿನ ನಿಯಮಗ್ರಂಥಗಳೇ ಅಂಗೀಕರಿಸಿವೆ.

ಇದಕ್ಕೆ ನನ್ನ ಸಮಾಧಾನವಿದು. ಆಟಕ್ಕೆ ಮುನ್ನ ಎಲ್ಲರ ಸಮ್ಮತಿಯಿಂದ ದಾಳವನ್ನು ಮತ್ತೆ ಎಸೆದರೆ ದೋಷವಿಲ್ಲ. ಅದೂ ಒಂದು ಒಡಂಬಡಿಕೆಯೇ. ಆಟದ ನಡುವೆಯೂ, ಬೇಸರವನ್ನು ಬಿಚ್ಚಿ ಹೇಳಿ, ಪಾತ್ರವು ಸಾಹಸವನ್ನು ತೊರೆದು ಊರಿಗೆ ಮರಳಿ ಬೇಸಾಯಕ್ಕೆ ನಿಂತಿತೆಂದು ಕಥೆಯನ್ನು ನಡೆಯಿಸಬಹುದು. ಆದರೆ ಹೊಸದೊಂದು ಲಭಿಸಲೆಂದು ಪಾತ್ರವನ್ನು ಗುಟ್ಟಾಗಿ ಮೃತ್ಯುಮುಖಕ್ಕೆ ನೂಕುವವನ ಮಾತು ಬೇರೆ. ಅವನನ್ನು ಉಳಿಸಲೆಂದು ಸಂಗಡಿಗರು ತಮ್ಮ ಪಾತ್ರಗಳ ಪ್ರಾಣವನ್ನು ಪಣವಾಗಿಡುವರು. ಅವನೋ ಉಳಿಯಲು ಬಯಸುವುದೇ ಇಲ್ಲ. ಇದು ಕಾಗದಕ್ಕೆ ಮಾಡಿದ ಅನ್ಯಾಯವಲ್ಲ, ಜೊತೆಯಲ್ಲಿ ಕುಳಿತ ಮನುಷ್ಯರಿಗೆ ಮಾಡಿದ ವಂಚನೆ. ಮೇಲಾಗಿ, ಒಂದು ಗುಣದಲ್ಲಿ ಕುಂದಿದವನು ಎಲ್ಲದರಲ್ಲಿಯೂ ಕುಂದಿದವನಲ್ಲ. ಎಂಟೆಡೆ ಡೊಂಕಾದ ದೇಹವುಳ್ಳ ಅಷ್ಟಾವಕ್ರನು ಜನಕನ ಆಸ್ಥಾನದಲ್ಲಿ ಬಂದಿಯನ್ನು ವಾದದಲ್ಲಿ ಗೆದ್ದ ಕಥೆಯನ್ನು ವಾಚಕರು ಬಲ್ಲರು.

ಪರರನ್ನು ಆಕ್ಷೇಪಿಸುವ ಮೊದಲು ನನ್ನದನ್ನೂ ಹೇಳಬೇಕು. ನಾನು ಉಪಾಧ್ಯಾಯನಾಗಿದ್ದಾಗ, ಪರೀಕ್ಷೆಯ ಫಲವು ಕುಂದೀತೆಂಬ ಭಯದಿಂದ, ಗಣಿತದಲ್ಲಿ ಮಂದನಾದ ಬಾಲಕನೊಬ್ಬನನ್ನು ಬೇರೆ ಶಾಲೆಗೆ ಸೇರಿಸುವಂತೆ ಅವನ ತಂದೆಗೆ ಹೇಳಿದೆನು. 'ಹುಡುಗನ ಹಿತಕ್ಕಾಗಿ' ಎಂದೂ ಸೇರಿಸಿದೆನು. ಆ ವರ್ಷ ನನ್ನ ತರಗತಿಯಲ್ಲಿ ಎಲ್ಲರೂ ತೇರ್ಗಡೆ ಹೊಂದಿದರು, ನಾನು ಹಿಗ್ಗಿದೆನು. ಆ ಬಾಲಕನು ಏನಾದನೆಂದು ವಿಚಾರಿಸಲಿಲ್ಲ. ಆಟದ ಪಾತ್ರಕ್ಕೆ ಬದಲು ಪಾತ್ರವು ದೊರೆಯುವುದು. ಅವನಿಗೆ ಬೇರೊಂದು ಬಾಲ್ಯವು ದೊರೆಯಲಿಲ್ಲ.

ಆದುದರಿಂದ, ಬಿಡುವುದಾದರೆ ಎಲ್ಲರೆದುರಿಗೆ, ಕಾರಣವನ್ನು ಮರೆಮಾಚದೆ ಬಿಡಬೇಕು. ಅದಕ್ಕೆ ಮುನ್ನ ಕೆಲವು ಕಾಲವಾದರೂ ಅದರೊಡನೆ ನಡೆದು ನೋಡಬೇಕು ಎಂಬುದು ನನ್ನ ಅಲ್ಪಮತಿಗೆ ತೋರುವ ಸಿದ್ಧಾಂತ.